‘ಅವರ ಮನೇದು ತಿನ್ಬಾರದಂತೆ’ ಅಂದಳು ಮಗಳು

ಪ್ರಶ್ನೆ: ನಮ್ಮದು ದಾವಣಗೆರೆ. ಮಗಳಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಎದುರು ಮನೆಯ ಮುಸ್ಲಿಂ ಹುಡುಗಿ ಅವಳ ಜೀವದ ಗೆಳತಿ. ಇಬ್ಬರೂ ಒಂದೇ ಆಟೋದಲ್ಲಿ ಸ್ಕೂಲಿಗೆ ಹೋಗುತ್ತಾರೆ. ಯುಗಾದಿಗೆ ನಮ್ಮನೆ ಹೋಳಿಗೆ ಅಲ್ಲಿಗೆ, ರಂಜಾನಿಗೆ ಅವರ ಸುರ್ಕುಂಬಾ ಇಲ್ಲಿಗೆ. ಇದು ಮೊದಲಿನಿಂದ ನಡೆದುಕೊಂಡು ಬಂದಿದೆ. ಈ ಸಲ ಗೆಳತಿ ಡಬ್ಬಿ ಹಿಡಿದು ಬಂದಾಗ ಮಗಳು ಬಾಗಿಲಲ್ಲೇ ನಿಂತು, “ಅವರ ಮನೇದು ನಾವು ತಿನ್ಬಾರದಂತೆ” ಅಂದುಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದಾ ಅನಿಸಿತು. ರಾತ್ರಿ ಮಲಗುವಾಗ ಅವಳೇ ಕೇಳಿದಳು: “ಅಮ್ಮಾ, ನಾವು ಹಿಂದೂನಾ, ಕನ್ನಡದವರಾ?” ಆಮೇಲೆ, “ಅವಳು ಮುಸ್ಲಿಂ ಅಂದ್ರೆ ಕನ್ನಡದವಳಲ್ವಾ?” ನಾವು ಮನೆಯಲ್ಲಿ ಯಾವತ್ತೂ ಜಾತಿ, ಧರ್ಮ ಅಂತ ಮಾತಾಡಿದವರೇ ಅಲ್ಲ. ಇದೆಲ್ಲ ಎಲ್ಲಿಂದ ಬಂತು? ನಾನು ಏನು ಹೇಳಬೇಕು? ಸ್ಕೂಲಿಗೆ ಹೋಗಿ ಕೇಳಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ಮಗಳು ‘ತಿನ್ಬಾರದು’ ಅನ್ನಲಿಲ್ಲ, ‘ತಿನ್ಬಾರದಂತೆ’ ಅಂದಳು. ಆ ‘ಅಂತೆ’ ಇದೆಯಲ್ಲ, ಅದು ಕನ್ನಡ ನಮ್ಮ ಮಕ್ಕಳಿಗೆ ಕೊಟ್ಟಿರುವ ದೊಡ್ಡ ಅನುಕೂಲ. ಈ ಮಾತು ನನ್ನದಲ್ಲ, ಯಾರೋ ಆಡಿದ್ದನ್ನು ನಾನು ತಂದಿದ್ದೇನೆ ಅನ್ನುವುದನ್ನು ಎರಡೇ ಅಕ್ಷರದಲ್ಲಿ ಹೇಳಿಬಿಡಬಹುದು. ಮೂರ್ನಾಲ್ಕು ವರ್ಷಕ್ಕೇ ಮಕ್ಕಳು ಇದನ್ನು ಸಲೀಸಾಗಿ ಬಳಸುತ್ತಾರೆ. “ನಾಳೆ ಮಳೆ ಬರುತ್ತಂತೆ”, “ಮಿಸ್ ಬರಲ್ವಂತೆ”. ನಿಮ್ಮ ಮಗಳು ಆ ಹೊತ್ತಿನಲ್ಲಿ ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ. ಎಲ್ಲೋ ಸಿಕ್ಕ ಒಂದು ಸುದ್ದಿಯನ್ನು ಮನೆಗೆ ತಂದು ನಿಮ್ಮ ಮುಂದೆ ಇಟ್ಟಳು. ಹಾಗಾಗಿ ಮೊದಲು ಎದೆ ಮೇಲಿನ ಭಾರ ಇಳಿಸಿ. ಇದು ದ್ವೇಷ ಅಲ್ಲ. ಆದರೆ ನೀವು ಸುಮ್ಮನಿದ್ದರೆ, ಅದೇ ಮಾತನ್ನು ಇನ್ನೂ ನಾಲ್ಕು ಜನ ಹೇಳಿದರೆ, ವರ್ಷ ಒಪ್ಪತ್ತಿನಲ್ಲಿ ಆ ‘ಅಂತೆ’ ಉದುರಿ ಹೋಗುತ್ತದೆ. ಆಮೇಲೆ ಅದು ಅವಳದೇ ಮಾತಾಗುತ್ತದೆ. ನಿಮಗೆ ಈಗ ಸಿಕ್ಕಿರುವುದು ಒಳ್ಳೆಯ ಸಮಯ.

ರಾತ್ರಿ ಕೇಳಿದ ಪ್ರಶ್ನೆಗೆ ಬರೋಣ. ‘ನಾವು ಹಿಂದೂನಾ, ಕನ್ನಡದವರಾ?’ ದೊಡ್ಡವರಿಗೆ ಇದು ಪ್ರಶ್ನೆ ಅಂತಲೇ ಅನಿಸುವುದಿಲ್ಲ. ಆರು ವರ್ಷದ ಮಗುವಿಗೆ ಇದು ನಿಜವಾದ ತೊಡಕು. ಜೀನ್ ಪಿಯಾಜೆ ಹೆಸರು ಕೇಳಿರಬಹುದು. ಮಕ್ಕಳು ಹೇಗೆ ಯೋಚಿಸುತ್ತಾರೆ ಅಂತ ಅಧ್ಯಯನ ಮಾಡಿದ ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ, ಬಿ.ಎಡ್. ಓದಿದವರಿಗೆಲ್ಲ ಪರಿಚಯದ ಹೆಸರು. ಅವರು 1951ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಿನೀವಾದ ಮಕ್ಕಳನ್ನು ಕೇಳಿದ್ದು ಇಷ್ಟೇ: ನೀನು ಜಿನೀವಾದವನು, ಸರಿ. ಸ್ವಿಟ್ಜರ್ಲೆಂಡಿನವನೂ ಹೌದಾ? ಚಿಕ್ಕ ಮಕ್ಕಳು, ಇಲ್ಲ, ಎರಡೂ ಒಟ್ಟಿಗೆ ಆಗೋಕೆ ಸಾಧ್ಯ ಇಲ್ಲ ಅಂದರು. ಜಿನೀವಾ ಇರುವುದೇ ಸ್ವಿಟ್ಜರ್ಲೆಂಡಿನೊಳಗೆ ಅಂತ ಬಾಯಿಪಾಠ ಬಂದ ಮಕ್ಕಳೂ ಹಾಗೇ ಅಂದರು.

ಯಾಕೆ ಹೀಗೆ ಅನ್ನುವುದು ನಿಮಗೆ ಮನೆಯಲ್ಲೇ ಗೊತ್ತಾಗುತ್ತದೆ. ಪೂಜೆಗೆ ತಂದ ಹೂವಿನಲ್ಲಿ ಆರು ಸೇವಂತಿಗೆ, ಎರಡು ಗುಲಾಬಿ ತೆಗೆದು ಅವಳ ಮುಂದೆ ಇಡಿ. “ಸೇವಂತಿಗೆ ಜಾಸ್ತಿ ಇದೆಯಾ, ಹೂವು ಜಾಸ್ತಿ ಇದೆಯಾ?” ಅಂತ ಕೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಥಟ್ಟನೆ “ಸೇವಂತಿಗೆ” ಅನ್ನುತ್ತಾರೆ. ಎಂಟೂ ಹೂವೇ ಅಂತ ಅವರಿಗೆ ಗೊತ್ತಿದೆ. ಆದರೆ ಒಂದೇ ಸೇವಂತಿಗೆಯನ್ನು ಒಂದೇ ಸಲಕ್ಕೆ ಸೇವಂತಿಗೆ ಅಂತಲೂ ಹೂವು ಅಂತಲೂ ಎಣಿಸುವುದು ಇನ್ನೂ ಕೈಗೆ ಸಿಕ್ಕಿರುವುದಿಲ್ಲ. ಏಳು ಎಂಟರ ಹೊತ್ತಿಗೆ ಸಿಗುತ್ತದೆ. ಹಿಂದೂ ಮತ್ತು ಕನ್ನಡದವರು, ಮುಸ್ಲಿಂ ಮತ್ತು ಕನ್ನಡದವಳು ಅನ್ನುವುದೂ ಇದೇ ಲೆಕ್ಕ. ಅವಳ ತಲೆಯಲ್ಲಿ ಒಬ್ಬರಿಗೆ ಒಂದೇ ಚೀಟಿ ಅಂಟಿಸೋಕೆ ಜಾಗ ಇದೆ. ಗೆಳತಿಗೆ ಮುಸ್ಲಿಂ ಅನ್ನೋ ಚೀಟಿ ಅಂಟಿತು ಅಂದಮೇಲೆ ಕನ್ನಡದ ಚೀಟಿ ಎಲ್ಲಿ ಅಂಟಿಸುವುದು? ಜೊತೆಗೆ ಆ ಮನೆಯಲ್ಲಿ ಬಹುಶಃ ಉರ್ದು ಮಾತಾಡುವುದನ್ನೂ ಕೇಳಿರುತ್ತಾಳೆ. ಅವಳಿಗೆ ಸಿಕ್ಕ ಮಾಹಿತಿಯಲ್ಲಿ ಅವಳ ಲೆಕ್ಕ ಸರಿಯಾಗಿಯೇ ಇದೆ.

ಪಿಯಾಜೆ ದಾರಿಯಲ್ಲೇ ಹೋಗಿ, ಧರ್ಮದ ಬಗ್ಗೆ ನೇರವಾಗಿ ಮಕ್ಕಳನ್ನೇ ಕೇಳಿದವರು ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್. 1961ರಿಂದ 1963ರವರೆಗೆ ಅವರ ಮೂರು ಅಧ್ಯಯನ ಬಂದವು. ಯಹೂದಿ ಮಕ್ಕಳು, ಕ್ಯಾಥೊಲಿಕ್ ಮಕ್ಕಳು, ಪ್ರಾಟೆಸ್ಟೆಂಟ್ ಮಕ್ಕಳು, ಹೀಗೆ ಒಂದೊಂದರಲ್ಲಿ ಒಂದು ಗುಂಪು. ಅವರ ಪ್ರಶ್ನೆಗಳು ನನಗೆ ತುಂಬ ಇಷ್ಟ. ನೀನು ಅಮೆರಿಕದವನೂ ಯಹೂದಿಯೂ ಒಟ್ಟಿಗೆ ಆಗಬಹುದಾ? ಒಬ್ಬರನ್ನು ನೋಡಿ ಅವರು ಕ್ಯಾಥೊಲಿಕ್ ಅಂತ ಹೇಗೆ ಹೇಳ್ತೀಯ? ನಾಯಿ, ಬೆಕ್ಕು ಪ್ರಾಟೆಸ್ಟೆಂಟ್ ಆಗಬಹುದಾ? ಐದಾರು ವರ್ಷದ ಮಕ್ಕಳಿಗೆ ಧರ್ಮ ಅಂದರೆ ಬರೀ ಒಂದು ಹೆಸರು. ಅದನ್ನು ದೇಶದ ಹೆಸರಿನ ಜೊತೆ, ಬಣ್ಣದ ಜೊತೆ ಕಲಸಿಕೊಂಡಿದ್ದರು. ಏಳರಿಂದ ಒಂಬತ್ತರ ಮಕ್ಕಳಿಗೆ ಧರ್ಮ ಅಂದರೆ ಕಣ್ಣಿಗೆ ಕಾಣುವ ಕೆಲಸ: ಯಾರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ. ಹತ್ತು ದಾಟಿದ ಮೇಲೆ ಮೊದಲ ಸಲ ನಂಬಿಕೆಯ ಮಾತು ಬರುತ್ತದೆ. ಬೆಕ್ಕಿಗೆ ಅದೆಲ್ಲ ಅರ್ಥ ಆಗಲ್ಲ, ಅದಕ್ಕೇ ಅದಕ್ಕೆ ಧರ್ಮ ಇಲ್ಲ ಅಂತ ಹೇಳುತ್ತಾರೆ.

ಈ ನಾಯಿ ಬೆಕ್ಕಿನ ಪ್ರಶ್ನೆಯನ್ನು ನಾನೂ ನನ್ನ ಹತ್ತಿರ ಬರುವ ಮಕ್ಕಳಿಗೆ ಆಗಾಗ ಕೇಳುತ್ತೇನೆ. ಏಳು ವರ್ಷದ ಹುಡುಗನೊಬ್ಬನಿಗೆ, ನಿಮ್ಮನೆ ನಾಯಿ ಹಿಂದೂನಾ ಅಂತ ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. “ಹೂಂ. ಸೋಮವಾರ ಶನಿವಾರ ಅದಕ್ಕೂ ಮೊಟ್ಟೆ ಹಾಕಲ್ಲ” ಅಂದ. ಎಷ್ಟು ಸ್ಪಷ್ಟವಾದ ಉತ್ತರ ನೋಡಿ. ಅವನ ಮಟ್ಟಿಗೆ ಹಿಂದೂ ಆಗುವುದು ಅಂದರೆ ಸೋಮವಾರ ಮೊಟ್ಟೆ ಬಿಡುವುದು. ನಾಯಿ ಬಿಟ್ಟಿದೆ, ನಾಯಿ ಹಿಂದೂ. ನಿಮ್ಮ ಮಗಳು ಈಗ ಇದೇ ಹೊಸ್ತಿಲಲ್ಲಿ ಇದ್ದಾಳೆ. ಒಂದು ಕಾಲು ಹೆಸರಿನ ಮನೆಯಲ್ಲಿ, ಇನ್ನೊಂದು ಕಾಲು ಕೆಲಸದ ಮನೆಯಲ್ಲಿ. ‘ಹಿಂದೂನಾ, ಕನ್ನಡದವರಾ’ ಅನ್ನುವುದು ಮೊದಲನೆಯದು. ‘ಅವರ ಮನೇದು ತಿನ್ಬಾರದಂತೆ’ ಅನ್ನುವುದು ಎರಡನೆಯದು.

ಆದರೆ ಎಲ್ಕೈಂಡ್ ಅವರ ಮೆಟ್ಟಿಲುಗಳನ್ನು ನಮ್ಮ ಮಕ್ಕಳಿಗೆ ಇದ್ದ ಹಾಗೇ ಅಳವಡಿಸಲು ನನಗೆ ಮನಸ್ಸಾಗುವುದಿಲ್ಲ. ಆ ಮಕ್ಕಳ ಲೋಕದಲ್ಲಿ ಒಬ್ಬರ ಪೂಜಾ ಮಂದಿರಕ್ಕೆ ಇನ್ನೊಬ್ಬರು ಹೋಗುವುದು ಅಪರೂಪ. ನಮ್ಮಲ್ಲಿ ಹಾಗಿರಲಿಲ್ಲ, ಈಗಲೂ ಎಷ್ಟೋ ಕಡೆ ಹಾಗಿಲ್ಲ. ನಾನು ಬೆಳೆದದ್ದು ರಾಯಚೂರು ಕಡೆಯ ಹಳ್ಳಿಯಲ್ಲಿ. ಮೊಹರಂ ಅನ್ನುವ ಹೆಸರು ನಮಗೆ ಪಂಚಾಂಗದಲ್ಲಿ ಮಾತ್ರ ಗೊತ್ತು. ಬಾಯಲ್ಲಿ ಅದು ಅಲಾಯಿ ಹಬ್ಬ. ಐದನೇ ವಯಸ್ಸಿನಲ್ಲಿ ನನಗೆ ಒಂದೇ ಸಮನೆ ಜ್ವರ ಬರುತ್ತಿತ್ತಂತೆ. ಅವ್ವ ಹರಕೆ ಹೊತ್ತು ನನ್ನನ್ನು ಫಕೀರ ಮಾಡಿಸಿದಳು, ಅಂದರೆ ಅಲಾಯಿ ದೇವರ ಹರಕೆಯ ಮಗು. ಕೊರಳಿಗೆ ಕೆಂಪು ಲಾಡಿ, ಹರಕೆಯ ದಾರ. ಅಲಾಯಿ ಕುಣಿಯ, ಅಂದರೆ ಗುಂಡಿಯ, ಬೆಂಕಿ ಮುಖಕ್ಕೆ ಹೊಡೆಯುತ್ತಿತ್ತು, ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಸ್ತದ ಆಕಾರದ ಪಂಜಾ ತೋರಿಸಿದ್ದು ನೆನಪಿದೆ. ಅಲಾಯಿ ದೇವರ ಮುಂದೆ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸಿ ಮನೆಗೆ ತರುತ್ತಿದ್ದೆವು. ಅವ್ವ ಅದನ್ನು ಜಗಲಿ ಮೇಲಿನ ದೇವರ ಮುಂದೆ ಇಟ್ಟು, ಆಮೇಲೆ ನಮ್ಮ ಕೈಗೆ ಹಾಕುತ್ತಿದ್ದಳು. ಎಂಟು ವರ್ಷ ಆಗುವ ತನಕ ನಾನು ಅಲಾಯಿ ದೇವರು ನಮ್ಮ ದೇವರು ಅಂತಲೇ ತಿಳಿದಿದ್ದೆ. ಹೈಸ್ಕೂಲಿನ ಪುಸ್ತಕದಲ್ಲಿ ಮೊಹರಂ ಬಗ್ಗೆ ಓದಿದಾಗ, ಓದುತ್ತಿರುವುದು ನಮ್ಮೂರ ಹಬ್ಬದ ಬಗ್ಗೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಎಲ್ಲರಿಗೂ ಗೊತ್ತು. ಒಂದೂ ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಜನ ಈ ಹಬ್ಬ ಮಾಡುತ್ತಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಮಗು ಧರ್ಮವನ್ನು ‘ಮಾಡುವ ಕೆಲಸ’ ಅಂತ ಕಲಿಯುವ ವಯಸ್ಸಿನಲ್ಲಿ, ಯಾವ ಕೆಲಸಗಳು ಅದರ ಕಣ್ಣಿಗೆ ಬೀಳುತ್ತವೆ ಅನ್ನುವುದು ತುಂಬ ಮುಖ್ಯ. ನನ್ನ ಕಣ್ಣಿಗೆ ಬಿದ್ದದ್ದು ಲಾಡಿ, ಸಕ್ಕರೆ, ಅಪ್ಪನ ಹೆಗಲು. ಪೇಟೆಯಲ್ಲಿ ಬೆಳೆಯುವ ಮಗುವಿಗೆ ಇದು ತಾನಾಗಿ ಸಿಗುವುದಿಲ್ಲ. ನಿಮ್ಮ ಮಗಳಿಗೆ ಸಿಕ್ಕಿರುವುದು ಆ ಎದುರು ಮನೆ, ಆ ಡಬ್ಬಿ. ಅದಕ್ಕೇ ಆ ಡಬ್ಬಿ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಈಗ, ಎಲ್ಲಿಂದ ಬಂತು ಅನ್ನುವ ಪ್ರಶ್ನೆ. ‘ನಾವು ಮನೆಯಲ್ಲಿ ಮಾತೇ ಆಡಿಲ್ಲ’ ಅಂದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಪ್ರಕಾರ ತೊಂದರೆ ಶುರುವಾಗಿದ್ದು ಅಲ್ಲೇ. ನೀವು ಒಳ್ಳೆಯ ಮನಸ್ಸಿನಿಂದ ಬಿಟ್ಟ ಖಾಲಿ ಜಾಗವನ್ನು ಬೇರೆಯವರು ತುಂಬಿದರು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕೈದು ವರ್ಷದ ಬಿಳಿಯ ಮಕ್ಕಳನ್ನೂ ಅವರ ತಾಯಂದಿರನ್ನೂ ನೋಡಿದ್ದರು. ಮಕ್ಕಳಿಗೆ ಕಥೆ ಓದಿ ಹೇಳುವಾಗ ಹೆಚ್ಚಿನ ತಾಯಂದಿರು ಚರ್ಮದ ಬಣ್ಣದ ವಿಷಯ ಬಂದರೆ ಜಾರಿಕೊಂಡರು. ನಿಮ್ಮ ಹಾಗೆಯೇ, ಮಾತಾಡದಿದ್ದರೆ ಮಗು ಗಮನಿಸುವುದಿಲ್ಲ ಅಂದುಕೊಂಡವರು. ಆದರೆ ಮಕ್ಕಳಲ್ಲಿ ಭೇದ ಇತ್ತು, ತಾಯಿಯ ಮನಸ್ಸಿಗೂ ಮಗುವಿನ ಮನಸ್ಸಿಗೂ ತಾಳೆಯೇ ಆಗಲಿಲ್ಲ. ಅಮ್ಮ ಏನು ಯೋಚಿಸುತ್ತಾಳೆ ಅನ್ನುವುದೇ ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಆರು ವರ್ಷ ಅಂದರೆ ಇದಕ್ಕೆಲ್ಲ ತೀರಾ ಎಳೆಯದು ಅನ್ನುವುದೂ ನಿಜವಲ್ಲ. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಜಗಳ ಎಷ್ಟು ಜೀವ ತೆಗೆದಿದೆ ಅಂತ ನಿಮಗೆ ಗೊತ್ತಿರಬಹುದು. ಅಲ್ಲಿ ಪಾಲ್ ಕಾನಲಿ ಅನ್ನುವವರ ತಂಡ ಮೂರರಿಂದ ಆರು ವರ್ಷದ 352 ಮಕ್ಕಳನ್ನು ಮಾತಾಡಿಸಿ 2002ರಲ್ಲಿ ವರದಿ ಕೊಟ್ಟಿತು. ಆರರ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಮಕ್ಕಳು ತಾವು ಯಾವ ಕಡೆಯವರು ಅಂತ ಗುರುತಿಸಿಕೊಳ್ಳುತ್ತಿದ್ದರು. ಸುಮಾರು ಶೇಕಡ 15 ಮಕ್ಕಳ ಬಾಯಲ್ಲಿ ಆಚೆ ಕಡೆಯವರ ಬಗ್ಗೆ ಕೆಟ್ಟ ಮಾತು ಬಂತು. ಮೂರನೇ ವರ್ಷಕ್ಕೇ ಕೆಲವು ಮಕ್ಕಳಿಗೆ ತಮ್ಮ ಕಡೆಯವರ ಬಾವುಟವೇ ಇಷ್ಟ ಅಂತ ಶುರುವಾಗಿತ್ತು. ಧರ್ಮ ಅಂದರೇನು ಅಂತ ತಿಳಿಯುವ ಮೊದಲೇ ಬಾವುಟ ತಿಳಿದಿತ್ತು.

ಇನ್ನು ಸ್ಕೂಲು. ಬಾಯಿ ಬಿಟ್ಟು ಯಾರೂ ಕೆಟ್ಟದ್ದು ಕಲಿಸಬೇಕಾಗಿಲ್ಲ, ಸುಮ್ನೆ ಸಾಲು ಮಾಡಿದರೆ ಸಾಕು. ರೆಬೆಕಾ ಬಿಗ್ಲರ್ ಅನ್ನುವ ಅಮೆರಿಕದ ಸಂಶೋಧಕಿ ಬೇಸಿಗೆ ಶಾಲೆಯ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಕೆಲವರಿಗೆ ನೀಲಿ, ಕೆಲವರಿಗೆ ಹಳದಿ ಅಂಗಿ ಕೊಟ್ಟು ನೋಡಿದ್ದರು. 1997ರಲ್ಲಿ ಅದು ಪ್ರಕಟವಾಯಿತು. ಕೆಲವು ತರಗತಿಗಳಲ್ಲಿ ಟೀಚರ್ ಅಂಗಿಯ ಬಣ್ಣವನ್ನು ಕಂಡೂ ಕಾಣದ ಹಾಗೆ ಇದ್ದರು. ಇನ್ನು ಕೆಲವು ತರಗತಿಗಳಲ್ಲಿ ನೀಲಿಯವರು ಇಲ್ಲಿ, ಹಳದಿಯವರು ಅಲ್ಲಿ ಅಂತ ಬಣ್ಣ ಹಿಡಿದೇ ಕೆಲಸ ನಡೆಸಿದರು. ಯಾರು ಮೇಲು ಯಾರು ಕೀಳು ಅಂತ ಒಂದು ಮಾತೂ ಇಲ್ಲ. ಕೆಲವೇ ವಾರದಲ್ಲಿ ಎರಡನೇ ಥರದ ತರಗತಿಗಳ ಮಕ್ಕಳಿಗೆ ತಮ್ಮ ಬಣ್ಣದವರೇ ಒಳ್ಳೆಯವರು ಅನಿಸತೊಡಗಿತು.

ನಮ್ಮ ಶಾಲೆಗಳಲ್ಲಿ ಅಂಗಿ ಬೇಕಾಗಿಲ್ಲ, ಅರ್ಜಿ ಇದೆ. ಅಡ್ಮಿಷನ್ ಫಾರಂನಲ್ಲಿ ಧರ್ಮ, ಜಾತಿ ಕಾಲಂ. ಸ್ಕಾಲರ್‌ಶಿಪ್ ಬಂದಾಗ “ಮೈನಾರಿಟಿ ಮಕ್ಕಳು ಎದ್ದು ನಿಲ್ಲಿ”, “ಕ್ಯಾಸ್ಟ್ ಸರ್ಟಿಫಿಕೇಟಿನ ಆರ್‌.ಡಿ. ನಂಬರ್ ಯಾರು ತಂದಿಲ್ಲ?” ಬಿಸಿಯೂಟದ ಹೊತ್ತಿಗೆ ಮೊಟ್ಟೆ ತಿನ್ನುವವರು ಒಂದು ಕಡೆ, ಬಾಳೆಹಣ್ಣಿನವರು ಇನ್ನೊಂದು ಕಡೆ. ಸ್ಕಾಲರ್‌ಶಿಪ್ಪೂ ಬೇಕು, ಮೊಟ್ಟೆಯಂತೂ ಬೇಕೇ ಬೇಕು. ಅವುಗಳ ಮೇಲೆ ನನ್ನ ದೂರಿಲ್ಲ. ಆದರೆ ಇಡೀ ಕ್ಲಾಸಿನ ಎದುರು ಕೂಗಿ ಮಕ್ಕಳನ್ನು ಎಬ್ಬಿಸಿ ನಿಲ್ಲಿಸುವುದು ಸರಿಯಲ್ಲ. ಪಟ್ಟಿ ಟೀಚರ್ ಹತ್ತಿರವೇ ಇರುತ್ತದೆ, ತಂದೆ ತಾಯಿಗೆ ಒಂದು ಫೋನ್ ಮಾಡಿದರೆ ಮುಗಿಯಿತು. ಎದ್ದು ನಿಂತ ಮಗು, ಕೂತೇ ಇದ್ದ ಮಗು, ಇಬ್ಬರೂ ಅವತ್ತು ಏನೋ ಒಂದನ್ನು ಕಲಿತು ಮನೆಗೆ ಹೋಗುತ್ತಾರೆ.

ಇನ್ನೊಂದು ದಾರಿ ನಮ್ಮ ಮಾತಿನಲ್ಲೇ ಇದೆ. “ಅವರು ಹಂಗೇ”, “ನಮ್ಮೋರು ಹಿಂಗೆಲ್ಲ ಮಾಡಲ್ಲ”. ಮನೆಯಲ್ಲಿ ಧರ್ಮದ ಮಾತು ಆಡಿಲ್ಲ ಅನ್ನುವವರ ಬಾಯಲ್ಲೂ ಇದು ದಿನಕ್ಕೆ ನಾಲ್ಕು ಸಲ ಬರುತ್ತದೆ. ಅಜ್ಜಿ ಫೋನಿನಲ್ಲಿ ಅಂದಿರಬಹುದು, ಆಟೋದಲ್ಲಿ ದೊಡ್ಡ ಮಕ್ಕಳು ಅಂದಿರಬಹುದು. ಅಮೆರಿಕದ ಸಂಶೋಧಕಿ ಮಾರ್ಜರಿ ರೋಡ್ಸ್ ಮತ್ತು ಅವರ ಜೊತೆಗಾರರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ‘ಜಾರ್ಪಿ’ ಅಂತ ಇಲ್ಲದ ಒಂದು ಜನಾಂಗವನ್ನು ಕಲ್ಪಿಸಿ ಚಿತ್ರದ ಪುಸ್ತಕ ಮಾಡಿದರು. ಕೆಲವು ನಾಲ್ಕು ವರ್ಷದ ಮಕ್ಕಳಿಗೆ “ಜಾರ್ಪಿಗಳು ಹೀಗೆ ಮಾಡುತ್ತಾರೆ” ಅಂತ ಓದಿದರು. ಬೇರೆ ಮಕ್ಕಳಿಗೆ ಅದೇ ಚಿತ್ರ ತೋರಿಸಿ “ಈ ಜಾರ್ಪಿ ಹೀಗೆ ಮಾಡುತ್ತಾನೆ” ಅಂತ ಓದಿದರು. ‘ಜಾರ್ಪಿಗಳು’ ಅಂತ ಕೇಳಿದ ಮಕ್ಕಳೇ ಹೆಚ್ಚಾಗಿ, ಅದು ಅವರ ಹುಟ್ಟುಗುಣ, ಬದಲಾಗಲ್ಲ ಅಂತ ತೀರ್ಮಾನಿಸಿದರು. ಒಂದು ಬಹುವಚನ ಇಷ್ಟು ಮಾಡುತ್ತದೆ. ಅದಕ್ಕೇ ಎದುರು ಮನೆಯ ವಿಷಯ ಬಂದಾಗ ‘ಅವರು’ ಅನ್ನುವ ಬದಲು ಹೆಸರು ಹಿಡಿದು ಮಾತಾಡಿ. ಗೆಳತಿಯ ಹೆಸರು, ಅವಳ ಅಮ್ಮಿಯ ಹೆಸರು, ಅವಳ ಅಣ್ಣನ ಹೆಸರು.

‘ನಾವು’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ತೆಲುಗಿನವರಿಗೆ ‘ಮನಂ’, ‘ಮೇಮು’ ಅಂತ ಎರಡು ‘ನಾವು’ ಇವೆ. ಕೇಳುವವರನ್ನು ಸೇರಿಸಿಕೊಂಡರೆ ಒಂದು, ಬಿಟ್ಟರೆ ಇನ್ನೊಂದು. ತುಳುವಿನಲ್ಲೂ ‘ನಮ’, ‘ಎಂಕುಲು’ ಬೇರೆ ಬೇರೆ. ಕನ್ನಡದಲ್ಲಿ ನಮಗೆ ಇರುವುದು ಒಂದೇ ‘ನಾವು’. ಅದರೊಳಗೆ ಯಾರಿದ್ದಾರೆ ಅಂತ ಮಗುವೇ ಹುಡುಕಿಕೊಳ್ಳಬೇಕು. “ನಾವು ತಿನ್ಬಾರದಂತೆ” ಅಂದಾಗ ಅವಳಿಗೆ ಸಿಕ್ಕಿದ್ದ ‘ನಾವು’ ತುಂಬ ಚಿಕ್ಕದು. “ನಾವು ಈ ಬೀದಿಯವರು”, “ನಾವೆಲ್ಲ ಒಂದೇ ಆಟೋದವರು”, “ನಾವು ದಾವಣಗೆರೆಯವರು” ಅನ್ನುವುದನ್ನು ಇಬ್ಬರೂ ಮಕ್ಕಳು ಎದುರಿಗಿದ್ದಾಗ ಹೇಳುತ್ತಾ ಇರಿ.

ಹಾಗಾದರೆ ಧರ್ಮದ ವಿಷಯವೇ ಬೇಡವಾ, ಹಿಂದೂ ಅಂತ ಹೇಳಲೇಬಾರದಾ ಅಂತ ಕೆಲವು ತಂದೆ ತಾಯಿ ಕೇಳುತ್ತಾರೆ. ಹಾಗಲ್ಲ. ತನ್ನ ಮನೆಯ ಆಚಾರವನ್ನು ಪ್ರೀತಿಯಿಂದ ಕಲಿತ ಮಗು ಬೇರೆಯವರನ್ನು ಕೀಳಾಗಿ ನೋಡಬೇಕು ಅಂತೇನಿಲ್ಲ. ಧರ್ಮ ಮಗುವಿಗೆ ಆಸರೆಯೂ ಆಗುತ್ತದೆ. ನಮ್ಮ ದೇಶದ ಹಿಂದೂ ಮತ್ತು ಮುಸ್ಲಿಂ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಜಾತಿಯ ವಿಷಯದಲ್ಲಿ ಕೆಳಗೆ ತಳ್ಳಲ್ಪಟ್ಟ ಜಾತಿಗಳ ಮಕ್ಕಳ ಒಳಮನಸ್ಸು ಕೂಡ ಮೇಲಿನ ಜಾತಿಯವರ ಕಡೆಗೇ ವಾಲಿತ್ತು. ಓದಿದಾಗ ಕರುಳು ಚುರುಕ್ ಅನ್ನುತ್ತದೆ. ಧರ್ಮದ ವಿಷಯದಲ್ಲಿ ಹಾಗಿರಲಿಲ್ಲ. ಮುಸ್ಲಿಂ ಮಕ್ಕಳು ಕಡಿಮೆ ಸಂಖ್ಯೆಯಲ್ಲಿದ್ದರೂ ತಮ್ಮವರನ್ನೇ ಮೆಚ್ಚಿದ್ದರು. ಧರ್ಮ ಆ ಮಕ್ಕಳನ್ನು ಕೀಳರಿಮೆಯಿಂದ ಕಾಪಾಡುತ್ತಿರಬಹುದು ಅಂತ ಸಂಶೋಧಕರು ಬರೆದಿದ್ದಾರೆ.

ಇನ್ನು ನೀವು ಏನು ಹೇಳಬೇಕು? ದಯವಿಟ್ಟು “ಎಲ್ಲರೂ ಒಂದೇ ಪುಟ್ಟಾ” ಅಂತ ಮುಗಿಸಬೇಡಿ. ನಮಗೆ ಅದು ದೊಡ್ಡ ಮಾತು, ಅದರ ಹಿಂದೆ ಎಷ್ಟು ಶತಮಾನದ ಬೆವರಿದೆ ಅಂತ ನಮಗೆ ಗೊತ್ತು. ಆರು ವರ್ಷದವಳಿಗೆ ಅದು ಉತ್ತರವೇ ಅಲ್ಲ. ಎದುರು ಮನೆಯಲ್ಲಿ ನಮಾಜು, ನಮ್ಮನೆಯಲ್ಲಿ ದೀಪ. ಗೆಳತಿಯ ಅಜ್ಜಿಗೆ ಬುರ್ಖಾ, ನಮ್ಮಜ್ಜಿಗೆ ಸೀರೆ. ಒಂದೇ ಅಲ್ಲ ಅಂತ ಅವಳ ಕಣ್ಣೇ ಹೇಳುತ್ತಿದೆ. ಅಮ್ಮ ಯಾಕೆ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾಳೆ, ಮುಂದಿನ ಪ್ರಶ್ನೆಯನ್ನು ಬೇರೆ ಯಾರನ್ನೋ ಕೇಳುತ್ತಾಳೆ.

ಬೇರೆ ಇರುವುದನ್ನು ಬೇರೆ ಅಂತಲೇ ಹೇಳಿ. “ನಾವು ಹಿಂದೂನೂ ಹೌದು, ಕನ್ನಡದವರೂ ಹೌದು. ನೀನು ನನಗೆ ಮಗಳು, ಅಜ್ಜಿಗೆ ಮೊಮ್ಮಗಳು, ಎರಡೂ ಆಗಿದೀಯಲ್ವಾ? ಹಾಗೇ ನಿನ್ನ ಗೆಳತಿ ಮುಸ್ಲಿಂ, ಕನ್ನಡದವಳೂ ಹೌದು. ಅವಳಿಗೆ ಮನೆಯಲ್ಲಿ ಉರ್ದು ಬರುತ್ತೆ, ಸ್ಕೂಲಲ್ಲಿ ಕನ್ನಡ ಬರುತ್ತೆ. ನಿನಗಿಂತ ಒಂದು ಭಾಷೆ ಜಾಸ್ತಿ.” ನೆಂಟಸ್ತಿಕೆಯ ಉದಾಹರಣೆ ನಮ್ಮ ಮಕ್ಕಳಿಗೆ ಬೇಗ ನಾಟುತ್ತದೆ. ಆದರೂ ಒಂದೇ ಸಲಕ್ಕೆ ಒಪ್ಪಲಿಕ್ಕಿಲ್ಲ. ಮುಂದಿನ ವಾರ ಮತ್ತೆ ಕೇಳುತ್ತಾಳೆ, ಮತ್ತೆ ಹೇಳಿ. ಸೇವಂತಿಗೆ ಲೆಕ್ಕ ಅವಳಿಗೆ ಬಂದ ದಿನ ಇದೂ ಬರುತ್ತದೆ.

ಊಟದ ಮಾತಿಗೆ ಇನ್ನಷ್ಟು ಎಚ್ಚರ ಬೇಕು. ನೀವು ಸಸ್ಯಾಹಾರಿಗಳೋ ಅಲ್ಲವೋ ಬರೆದಿಲ್ಲ. ಮಾಂಸ ತಿನ್ನದ ಮನೆಯಾದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ನಿಯಮವನ್ನು ತಿನಿಸಿಗೆ ಕಟ್ಟಿ, ಮನುಷ್ಯರಿಗೆ ಕಟ್ಟಬೇಡಿ. “ನಾವು ಮಾಂಸ ತಿನ್ನಲ್ಲ, ಅದಕ್ಕೆ ಬಿರಿಯಾನಿ ಕೊಟ್ಟರೆ ಬೇಡ ಆಂಟಿ ಅಂತೀವಿ. ಸುರ್ಕುಂಬಾದಲ್ಲಿ ಹಾಲು, ಶಾವಿಗೆ, ಖರ್ಜೂರ, ಗೋಡಂಬಿ ಇರುತ್ತೆ. ಅದನ್ನ ತಿಂತೀವಿ.” ಮಗುವಿಗೆ ಇದು ಪೂರ್ತಿ ಅರ್ಥ ಆಗುತ್ತದೆ. ‘ಅವರ ಮನೇದು’ ಅನ್ನುವುದು ಅಡ್ರೆಸ್ಸಿನ ಮೇಲೆ ಹೂಡಿದ ನಿಯಮ, ಅದನ್ನು ಅಲ್ಲಿಗೇ ಬಿಡಿಸಬೇಕು. ಹಾಗೆಯೇ ಗೆಳತಿಯೂ ನಿಮ್ಮನೆಯಲ್ಲಿ ಏನನ್ನೋ ಬೇಡ ಅನ್ನಬಹುದು, ಪ್ರಸಾದ ಬೇಡ ಅನ್ನಬಹುದು. ಅವಳನ್ನು ಒತ್ತಾಯ ಮಾಡಬೇಡಿ, ಮುಖ ಸಣ್ಣ ಮಾಡಬೇಡಿ. “ಅವಳ ಮನೆಯಲ್ಲಿ ಹಾಗೆ ಒಂದು ನಿಯಮ ಇದೆ” ಅಂತ ಮಗಳಿಗೆ ಹೇಳಿದರೆ ಸಾಕು. ಗುಜರಾತಿನಲ್ಲಿ ಕೋಮು ಗಲಭೆ ಕಂಡ ಪ್ರದೇಶದ 9ರಿಂದ 15 ವರ್ಷದ ಹಿಂದೂ ಮತ್ತು ಮುಸ್ಲಿಂ ಮಕ್ಕಳನ್ನು ಕೇಳಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ತುಂಬ ಧೈರ್ಯ ಕೊಟ್ಟಿದೆ. ಹಿಂದೂ ಆಚಾರ ಹಿಂದೂಗಳಿಗೆ, ಮುಸ್ಲಿಂ ಆಚಾರ ಮುಸ್ಲಿಮರಿಗೆ, ಆದರೆ ಇನ್ನೊಬ್ಬರಿಗೆ ನೋವು ಮಾಡುವುದು ಮಾತ್ರ ಯಾರು ಮಾಡಿದರೂ ತಪ್ಪು ಅಂತ ಹೆಚ್ಚಿನ ಮಕ್ಕಳು ಬಿಡಿಸಿ ಹೇಳಿದ್ದರು. ಎರಡೂ ಕಡೆಯ ಮಕ್ಕಳು. ದೊಡ್ಡವರ ಗಲಾಟೆಯ ನಡುವೆ ಬೆಳೆದ ಮಕ್ಕಳಿಗೇ ಇಷ್ಟು ವಿವೇಕ ಬಂದಿದೆ ಅಂದಮೇಲೆ, ನಿಮ್ಮ ಮಗಳಿಗೂ ಬರುತ್ತದೆ.

ಆ ಮಾತು ಯಾರು ಹೇಳಿದ್ದು ಅಂತ ಕೇಳಿ, ಆದರೆ ವಿಚಾರಣೆ ಮಾಡುವ ಥರ ಬೇಡ. ಜಡೆ ಹಾಕುವಾಗ, ಬಟ್ಟೆ ಮಡಚುವಾಗ, ಮುಖ ನೋಡದೆ ಕೇಳಿ. “ಹಂಗಂತ ಯಾರಂದ್ರು?” ಅಜ್ಜಿ ಅಂದರೆ ಅಜ್ಜಿಯನ್ನು ಅವಳೆದುರು ಬೈಯಬೇಡಿ. “ಅಜ್ಜಿಗೆ ಹಾಗನಿಸುತ್ತೆ. ಅಪ್ಪಂಗೆ, ನಂಗೆ ಹಾಗನಿಸಲ್ಲ” ಅನ್ನಿ. ಅಮ್ಮ ಏನು ಯೋಚಿಸುತ್ತಾಳೆ ಅನ್ನುವುದು ಅವಳಿಗೆ ಸ್ಪಷ್ಟವಾಗಿ ತಿಳಿಯಲಿ. ಸ್ಕೂಲಿನ ಟೀಚರ್ ಬಾಯಿಂದಲೇ ಬಂದಿದ್ದರೆ ಮಾತ್ರ ಸ್ಕೂಲಿಗೆ ಹೋಗಿ. ಟೀಚರ್ ಒಬ್ಬರೇ ಇದ್ದಾಗ, ಮಗಳನ್ನು ಹೊರಗೆ ಬಿಟ್ಟು, ನಡೆದದ್ದನ್ನು ಹೇಳಿ. ಮಕ್ಕಳ ಬಾಯಿಂದ ಬಂದಿದ್ದರೆ ಯಾರ ಮೇಲೂ ದೂರು ಬೇಡ. ಬದಲಿಗೆ ಆ ಸ್ಕಾಲರ್‌ಶಿಪ್, ಆ ಸಾಲುಗಳ ವಿಷಯ ಪೋಷಕರ ಸಭೆಯಲ್ಲಿ ಎತ್ತಿ. ಅದರಿಂದ ಇಡೀ ಕ್ಲಾಸಿಗೆ ಅನುಕೂಲ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಎಲ್ಲೂ ಬರದ ಒಬ್ಬಳ ಮನಸ್ಸಿನ ಬಗ್ಗೆ ಹೇಳಬೇಕು. ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ. ನಿಮ್ಮ ಮಗಳಿಗೆ ಅವತ್ತು ಸಿಕ್ಕಿದ್ದು ಒಂದು ಗೊಂದಲ. ಅವಳಿಗೆ ಸಿಕ್ಕಿದ್ದು, ತಾನು ಇವರಿಗೆ ಬೇರೆಯವಳು ಅನ್ನುವ ಸುದ್ದಿ, ಅದೂ ಜೀವದ ಗೆಳತಿಯ ಬಾಯಿಂದ. ನನ್ನ ಅನುಭವದಲ್ಲಿ, ಸಂಖ್ಯೆಯಲ್ಲಿ ಕಡಿಮೆ ಇರುವವರ ಮಕ್ಕಳಿಗೆ ತಮ್ಮ ಧರ್ಮದ ಹೆಸರು ಮೊದಲು ಹೀಗೇ ಗೊತ್ತಾಗುತ್ತದೆ. ಮನೆಯವರು ಹೇಳುವ ಮೊದಲೇ ಹೊರಗಿನವರು ಹೇಳಿರುತ್ತಾರೆ. ಅವಳು ಮನೆಯಲ್ಲಿ ಹೇಳಿರಲಿಕ್ಕೂ ಇಲ್ಲ. ಮಕ್ಕಳು ಇಂಥದನ್ನು ನುಂಗಿಕೊಳ್ಳುತ್ತಾರೆ.

ಆ ಡಬ್ಬಿ ಇನ್ನೂ ನಿಮ್ಮ ಅಡುಗೆಮನೆಯಲ್ಲೇ ಇರಬೇಕು. ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಈ ಭಾನುವಾರ ಮಗಳನ್ನು ಜೊತೆಗೆ ಕೂರಿಸಿಕೊಂಡು ಏನಾದರೂ ಮಾಡಿ, ರವೆ ಉಂಡೆಯಾದರೂ ಸರಿ, ಅವಳೇ ಉಂಡೆ ಕಟ್ಟಲಿ. ಡಬ್ಬಿ ಅವಳ ಕೈಗೆ ಕೊಟ್ಟು ನೀವೂ ಎದುರು ಮನೆಗೆ ಹೋಗಿ. ಗೆಳತಿಯ ಅಮ್ಮಿಗೆ ನೀವೇ ಬಾಯಿಬಿಟ್ಟು ಹೇಳಿ, ಅವತ್ತು ಹೀಗಾಯಿತು, ನನಗೆ ತುಂಬ ಬೇಜಾರಾಯಿತು ಅಂತ. ಮಗಳ ಕೈಯಲ್ಲಿ ಬಲವಂತವಾಗಿ ಸಾರಿ ಹೇಳಿಸಬೇಡಿ. ಸುರ್ಕುಂಬಾ ಹೇಗೆ ಮಾಡುತ್ತಾರೆ ಅಂತ ಅವಳ ಎದುರೇ ಕೇಳಿ ಬರೆದುಕೊಳ್ಳಿ. ಆಮೇಲೆ ಒಂದರ್ಧ ಗಂಟೆ ನೀವಿಬ್ಬರೂ ಒಳಗೆ ಕೂತು ಮಾತಾಡಿ. ಮಕ್ಕಳು ಹೊರಗೆ ಆಡಿಕೊಳ್ಳಲಿ.